ಡೆಲ್ಬರ್ಟ್ ಹೌಗನ್ ಮತ್ತು ತುಂಬಿದ ಬ್ಯಾಟರಿ

ಡೆಲ್ಬರ್ಟ್ ಹೌಗನ್ ಮಾತಿನ ನಡುವೆ ನಿಂತುಬಿಡುತ್ತಿದ್ದರು. ಮರೆತು ನಿಲ್ಲುವುದಲ್ಲ, ಪದ ಸಿಗದೆ ತಡವರಿಸುವುದೂ ಅಲ್ಲ. ವಾಕ್ಯ ಮುಗಿಯಲು ಒಂದೇ ಒಂದು ಪದ ಬಾಕಿ ಇರುವಾಗ ಬಲಗೈಯ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು, ಎಡಗಿವಿ ತಮ್ಮ ಮನೆಗಾಡಿಯ ಕಡೆಗೆ ಹೊರಳುತ್ತಿತ್ತು, ಎದುರಿಗೆ ಕುಳಿತ ನಾವೆಲ್ಲ ಕಾಫಿ ಲೋಟಗಳನ್ನು ತುಟಿಯ ಬಳಿ ಹಿಡಿದುಕೊಂಡೇ ಕಾಯಬೇಕಾಗುತ್ತಿತ್ತು. ಏನಾಯಿತೆಂದು ಕೇಳಿದರೆ, "ಏನಿಲ್ಲ, ಜನರೇಟರ್ ಸದ್ದು ಚೂರು ಇಳೀತೇನೋ ಅನ್ನಿಸ್ತು" ಎನ್ನುವರು. ಯಾವ ಸದ್ದು, ಎಲ್ಲಿಂದ ಎಲ್ಲಿಗೆ ಇಳಿಯಿತು, ನಮ್ಮಲ್ಲಿ ಒಬ್ಬರಿಗೂ ಕೇಳಿಸಿರುತ್ತಿರಲಿಲ್ಲ. ಬಾಕಿ ಉಳಿದ ಆ ಪದ ಬಾಕಿಯಾಗಿಯೇ ಉಳಿಯುತ್ತಿತ್ತು. ಅವರು ಎದ್ದು ಹೊರಟಿರುತ್ತಿದ್ದರು.

ಆ ಹೊರಡುವುದನ್ನು ನೋಡಬೇಕು. ಹಿಮಗಟ್ಟಿದ ನೆಲದ ಮೇಲೆ ನಡೆದು ಬೆಳೆದವರ ನಡಿಗೆ ಅದು: ಪಾದವನ್ನು ಪೂರ್ತಿ ಊರಿ, ಮೊಣಕಾಲನ್ನು ತುಸು ಬಾಗಿಸಿ, ಜಾರಿದರೆ ಹಿಡಿದುಕೊಳ್ಳಲೆಂದು ಕೈಗಳನ್ನು ಮೈಯಿಂದ ಸ್ವಲ್ಪ ದೂರವಿಟ್ಟು. ಅರಿಜೋನಾದ ಒಣ ಮರಳುಗಾಡಿನಲ್ಲಿ ಜಾರಿಬೀಳಲು ಏನಿದೆ, ಸುಡುಗಾಡು! ಆದರೂ ಮಿನ್ನೆಸೋಟದ ಚಳಿಯನ್ನು ಕಾಲಿನಲ್ಲೇ ಕಟ್ಟಿಕೊಂಡು ಬಂದಿದ್ದ ಆ ಮನುಷ್ಯ ಬೆಣಚುಕಲ್ಲಿನ ನೆಲವನ್ನೂ ನಂಬುತ್ತಿರಲಿಲ್ಲ. ಮೈಮೇಲೆ ಸದಾ ಒಂದು ಕಂದು ಬಣ್ಣದ ಕ್ಯಾನ್ವಾಸ್ ಕೋಟು. ಮಧ್ಯಾಹ್ನದ ಬಿಸಿಲಿಗೆ ನಾವು ಬನಿಯನ್ನಿನಲ್ಲಿ ಬೆವರುತ್ತಿದ್ದರೂ ಅವರು ಅದನ್ನು ಕಳಚಿದವರಲ್ಲ, ಏಕೆಂದರೆ ಅದು ಬಟ್ಟೆಯಲ್ಲ, ಆಯುಧಶಾಲೆ. ಎಡಗಡೆ ಜೇಬಿನಲ್ಲಿ ಬ್ಯಾಟರಿಯ ಶಕ್ತಿ ಅಳೆಯುವ ಮುಳ್ಳಿನ ಹಳೆಯ ಮೀಟರು, ಬಲಗಡೆ ಸ್ಪ್ಯಾನರು, ಒಳಜೇಬಿನಲ್ಲಿ ಬ್ಯಾಟರಿಯ ಆಸಿಡ್ಡು ಸೋರಿದರೆ ಚಿಮುಕಿಸಲು ಅಡುಗೆ ಸೋಡಾದ ಪೊಟ್ಟಣ. ನಡೆದರೆ ಗಿಲಿಗಿಲಿ ಸದ್ದು.

ನಮ್ಮ ಬಯಲಿನಲ್ಲಿ ವಿದ್ಯುತ್ ಕಂಬವಿಲ್ಲ, ನಲ್ಲಿಯಿಲ್ಲ. ಚಳಿಗಾಲ ಬಂತೆಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದ ಮುದುಕ ಮುದುಕಿಯರು, ಅಡುಗೆಮನೆ ಹಾಸಿಗೆ ಸಮೇತ ತಮ್ಮ ಮನೆಗಾಡಿಗಳನ್ನು ಎಳೆದು ತಂದು, ಮುಳ್ಳುಪೊದೆಗಳ ನಡುವೆ ನಿಲ್ಲಿಸಿ, ವಸಂತದವರೆಗೆ ಬಿಡಾರ ಹೂಡುತ್ತಾರೆ. ಬಿಸಿಲಿದ್ದರೆ ಛಾವಣಿಯ ಸೋಲಾರ್ ಹಲಗೆ, ಇಲ್ಲದಿದ್ದರೆ ಜನರೇಟರು, ಎರಡೂ ದುಡಿದು ಗಳಿಸಿದ್ದನ್ನು ಹಿಡಿದಿಟ್ಟುಕೊಳ್ಳಲು ಬ್ಯಾಟರಿ. ಯಾರ ತಂತಿಗೂ ಕೈಚಾಚದೆ ಬದುಕುತ್ತೇವೆಂಬುದೇ ಇಲ್ಲಿಯವರ ಜಂಬ. ಡೆಲ್ಬರ್ಟ್ ಅವರಿಗೆ ಆ ಜಂಬ ಮಾಡಲೂ ಪುರುಸೊತ್ತಿರಲಿಲ್ಲ. ಯೌವನದಿಂದಲೂ ಊರ ಹಾಲಿನ ಸಹಕಾರ ಸಂಘದಲ್ಲಿ ಶೈತ್ಯಾಗಾರ ಕಾಯ್ದವರು ಅವರು. ಯಂತ್ರ ನಿಂತರೆ ಊರಿನ ಹಾಲೆಲ್ಲ ಒಡೆದುಹೋಗುತ್ತದೆಂಬ ಭಯದಲ್ಲೇ ಉಂಡು, ಭಯದಲ್ಲೇ ಮಲಗಿ, ನಿವೃತ್ತರಾಗಿ ಬರುವಾಗ ಆ ಕಿವಿಯನ್ನೂ ಜೊತೆಗೇ ತಂದಿದ್ದರು.

ಈಗ ಕಾಯಬೇಕಾದದ್ದು ಹಾಲಲ್ಲ, ಹೆಂಡತಿ. ಮಾರ್ಲಿಸ್ ಅವರ ಶ್ವಾಸಕೋಶಗಳು ಸೋತಿದ್ದವು. ಸುತ್ತಲಿನ ಗಾಳಿಯಿಂದ ಪ್ರಾಣವಾಯುವನ್ನು ಸೋಸಿ ಕೊಡುವ ಪೆಟ್ಟಿಗೆಯೊಂದು ಅವರ ಕುರ್ಚಿಯ ಪಕ್ಕ ಹಗಲಿರುಳು ಗುಂಯ್ ಎನ್ನುತ್ತಿತ್ತು. ಅದರಿಂದ ಹೊರಟ ತೆಳ್ಳನೆಯ ನಳಿಗೆ ಮೂಗಿಗೆ. ಪೆಟ್ಟಿಗೆ ಓಡುವುದು ಬ್ಯಾಟರಿಯಿಂದ, ಬ್ಯಾಟರಿ ಇಳಿದರೆ ಅದನ್ನು ತುಂಬುವುದು ಜನರೇಟರು, ಆ ಜನರೇಟರು ಚಾಲೂ ಆಗಲು ಬೇಕಾದದ್ದು ಮತ್ತೆ ಅದೇ ಬ್ಯಾಟರಿ. ಈ ಸುತ್ತಿನಲ್ಲಿ ಎಲ್ಲಿ ಒಂದು ಕೊಂಡಿ ಕಳಚಿದರೂ ಮಾರ್ಲಿಸ್ ಉಸಿರಿಗೆ ಸಂಚಕಾರ. ಅದು ಡೆಲ್ಬರ್ಟ್ ಅವರಿಗೆ ಎಚ್ಚರದಲ್ಲೂ ಗೊತ್ತಿತ್ತು, ನಿದ್ದೆಯಲ್ಲೂ ಗೊತ್ತಿತ್ತು. ಮಾರ್ಲಿಸ್ ಮಾತ್ರ ನಳಿಗೆ ಮೂಗಿನಲ್ಲಿದ್ದೇ ಬಯಲಿಗೆಲ್ಲ ಕೇಳುವಂತೆ ನಗುತ್ತಿದ್ದ ಹೆಂಗಸು. "ನನ್ನ ಗಂಡ ಬೆಳಗ್ಗೆ ಎದ್ದು ಮೊದಲು ಕ್ಷೇಮ ವಿಚಾರಿಸೋದು ನನ್ನದಲ್ಲ ಕಣ್ರೀ, ಬ್ಯಾಟರಿದು" ಎಂದು ಬಂದವರಿಗೆಲ್ಲ ಹೇಳುವರು.

ಅದು ಚಾಡಿಯಲ್ಲ, ನಿಜ. ಸೂರ್ಯ ಮೂಡುವಷ್ಟರಲ್ಲಿ ಗಾಡಿಯ ಮೂತಿಯ ಕೆಳಗಿನ ಬ್ಯಾಟರಿ ಪೆಟ್ಟಿಗೆ ತೆರೆದಿರುತ್ತಿತ್ತು. ಡೆಲ್ಬರ್ಟ್ ಮಂಡಿಯೂರಿ, ಬ್ಯಾಟರಿಯ ಮೇಲೆ ಗೂಟದಂತೆ ನಿಂತ ಸೀಸದ ಟರ್ಮಿನಲ್‌ಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ, ಮುಳ್ಳು ಮೇಲೇರುವುದನ್ನು ಕಣ್ತುಂಬ ನೋಡಿ, ಆಮೇಲೆ ಜೇಬಿನಿಂದ ಸ್ಪ್ಯಾನರ್ ತೆಗೆದು ತಂತಿಗಳನ್ನು ಹಿಡಿದಿಟ್ಟ ನಟ್ಟುಗಳನ್ನು ಒಂದೊಂದಾಗಿ ಚೂರು ಬಿಗಿ ಮಾಡುತ್ತಿದ್ದರು. ಚೂರೇ ಚೂರು. ಗಾಳಿಗೆ ಗಾಡಿ ಅಲುಗಾಡಿ ಸಡಿಲವಾಗಿರಬಹುದಲ್ಲ! ಗಾಳಿ ಬೀಸಿದ ದಿನ ಸಂಜೆಗೆ ಇನ್ನೊಂದು ಸಲ. ಅದನ್ನು ನೋಡಿ ಪಕ್ಕದ ಬಿಡಾರದ ಡಾಯ್ಲ್ ಟ್ಯಾಕೆಟ್ ಕುರ್ಚಿಯಲ್ಲಿ ಕೂತೇ ಕೂಗುವುದೂ ದಿನಚರಿಯ ಭಾಗ. ಟೆಕ್ಸಾಸಿನ ಈ ದಢೂತಿ ಮನುಷ್ಯ ಒಂಟಿಗ, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. "ಏನ್ ಸಾಹೇಬ್ರೇ, ಬ್ಯಾಟರಿ ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಂತಾ?" ಎಂದರೆ ಡೆಲ್ಬರ್ಟ್ ಗಂಭೀರವಾಗಿ, "ಪರವಾಗಿಲ್ಲ" ಎಂದು ಉತ್ತರ ಕೊಡುತ್ತಿದ್ದರು. ಅವರಿಗೆ ಅದು ಹಾಸ್ಯವೆಂದು ಹೊಳೆಯುತ್ತಿರಲಿಲ್ಲ.

ಒಮ್ಮೆ ಒರೆಗಾನಿನಿಂದ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಎಲ್ಲರ ಪರಿಚಯ ಮಾಡಿಕೊಳ್ಳಲೆಂದು ನಮ್ಮ ಕಾಫಿ ಕೂಟಕ್ಕೆ ಬಂದಳು. ನಾವು ಹೆಸರು ಕೇಳಿದೆವು, ಊರು ಕೇಳಿದೆವು. ಡೆಲ್ಬರ್ಟ್ ಅವಳ ಗಾಡಿಯ ಕಡೆ ಕಿವಿ ಕೊಟ್ಟು, "ನಿಮ್ಮ ಜನರೇಟರ್ ಕೆಮ್ತಾ ಇದೆ. ಎಣ್ಣೆ ಯಾವಾಗ ಬದಲಾಯಿಸಿದ್ದು?" ಎಂದರು. ಪಾಪ ಅವಳು ತಬ್ಬಿಬ್ಬು. ಮಾರ್ಲಿಸ್ ನಗುತ್ತಾ, "ಹೆದರ್ಕೋಬೇಡಮ್ಮ, ನಮ್ಮ ಕಡೆ ಇದಕ್ಕೇ ನಮಸ್ಕಾರ ಅನ್ನೋದು" ಎಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಂದು ಸಂಜೆಯೊಳಗೆ ಆ ಜನರೇಟರು ಕೆಮ್ಮುವುದನ್ನು ಬಿಟ್ಟಿತೆನ್ನುವುದನ್ನೂ ಹೇಳಬೇಕು; ಡೆಲ್ಬರ್ಟ್ ಅದರ ಹೊಟ್ಟೆಯ ಕೆಳಗೆ ಮಲಗಿ ಎದ್ದು ಬಂದಿದ್ದರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಮನುಷ್ಯ ಅರ್ಥವಾಗುವುದಿಲ್ಲ. ಅವರ ಸೀಮೆಯಲ್ಲಿ ಯಾರೇ ಏನೇ ಕೊಡಬಂದರೂ ಮೊದಲ ಸಲ ಬೇಡವೆನ್ನಬೇಕು, ಎರಡನೆಯ ಸಲವೂ ಬೇಡವೆನ್ನಬೇಕು. ಮೂರನೆಯ ಸಲ ಒತ್ತಾಯಿಸಿದಾಗ, "ಸರಿ, ನಿಮಗೆ ತೊಂದರೆಯಾಗದಿದ್ದರೆ ಒಂಚೂರು" ಎಂದು ಕೈ ಮುಂದೆ ಮಾಡಬೇಕು. ಮೊದಲ ಸಲಕ್ಕೇ ಹ್ಞೂಂ ಎನ್ನುವವನು ಹಸಿದು ಬಂದವನಂತೆ, ಆಸೆಬುರುಕ. ಡಾಯ್ಲ್‌ನ ಸೀಮೆಯಲ್ಲಾದರೋ ಬೇಡವೆಂದರೆ ಬೇಡ. ಇನ್ನೊಮ್ಮೆ ಕೇಳುವುದೇ ಅವಮರ್ಯಾದೆ. ಹಬ್ಬದ ಊಟದ ದಿನ ಸೇಬಿನ ಪೈ ಎಂಬ ಸಿಹಿತಿಂಡಿಯ ಕೊನೆಯ ತುಂಡು ತಟ್ಟೆಯಲ್ಲಿ ಉಳಿಯಿತು. ಡೆಲ್ಬರ್ಟ್ ಅದನ್ನೇ ನೋಡುತ್ತಿದ್ದರು. "ತಗೊಳ್ಳಿ ಸಾಹೇಬ್ರೇ" ಎಂದ ಡಾಯ್ಲ್. "ಬೇಡ ಬೇಡ." "ಅಯ್ಯೋ, ತಗೊಳ್ಳಿ." "ಇಲ್ಲಪ್ಪ, ಹೊಟ್ಟೆ ತುಂಬಿದೆ." ಸರಿ ಎಂದು ಡಾಯ್ಲ್ ಎರಡೇ ತುತ್ತಿನಲ್ಲಿ ಅದನ್ನು ಮುಗಿಸಿ ಬೆರಳು ನೆಕ್ಕಿದ. ಆಗ ಡೆಲ್ಬರ್ಟ್ ಅವರ ಮುಖ ನೋಡಿ ಮಾರ್ಲಿಸ್ ನಕ್ಕ ನಗು, ಕೊನೆಗೆ ಕೆಮ್ಮಾಗಿ, ಪೆಟ್ಟಿಗೆಯ ಗಾಳಿ ಹೆಚ್ಚಿಸಬೇಕಾಯಿತು.

ಆ ನಗು ಅಡಗುವ ದಿನವೂ ಬಂತು. ಅಂದು ನಾನು ಸಾಮಾನು ತರಲು ಪಟ್ಟಣಕ್ಕೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದೆ. ಹಿಂದಿನ ದಿನಗಳೆಲ್ಲ ಮೋಡ. ಅಂದು ಮಧ್ಯಾಹ್ನ ಗಾಳಿಯೆದ್ದು, ಧೂಳು ಗೋಡೆಯಂತೆ ನಿಂತು, ಪೊಲೀಸರು ಹೆದ್ದಾರಿಯನ್ನೇ ಮುಚ್ಚಿಬಿಟ್ಟರು. ಹಾಗಾಗಿ ಮುಂದಿನದನ್ನು ನಾನು ಕಂಡದ್ದಲ್ಲ, ಡೆಲ್ಬರ್ಟ್, ಮಾರ್ಲಿಸ್, ಡಾಯ್ಲ್ ಈ ಮೂವರ ಬಾಯಿಂದ ಬೇರೆಬೇರೆಯಾಗಿ ಕೇಳಿದ್ದು. ಮೂವರೂ ಹೇಳಿದ್ದು ಹೊಂದುತ್ತದೆ.

ಊಟವಾಗಿ ಡೆಲ್ಬರ್ಟ್ ತಟ್ಟೆ ತೊಳೆಯುತ್ತಿದ್ದಾಗ, ಬ್ಯಾಟರಿಯ ಕರೆಂಟನ್ನು ಪೆಟ್ಟಿಗೆಗೆ ಕೊಡುವ ಇನ್ವರ್ಟರು ಕೀಂ ಎಂದು ಕಿರುಚಿ ನಿಂತಿತು. ಮಾರ್ಲಿಸ್ ಪಕ್ಕದ ಪೆಟ್ಟಿಗೆ ಒಂದು ಉದ್ದ ಸಿಳ್ಳೆ ಹಾಕಿ ತಾನೂ ಸುಮ್ಮನಾಯಿತು. ಈ ಗಳಿಗೆಯನ್ನು ಡೆಲ್ಬರ್ಟ್ ಮನಸ್ಸಿನಲ್ಲಿ ಸಾವಿರ ಸಲ ನಡೆಸಿ ನೋಡಿದ್ದರು. ನಳಿಗೆಯನ್ನು, ಆಪತ್ತಿಗೆಂದು ಇಟ್ಟಿದ್ದ ಪ್ರಾಣವಾಯುವಿನ ಸಿಲಿಂಡರಿಗೆ ಸಿಕ್ಕಿಸಿದರು. ಅದೊಂದೇ ಉಳಿದಿದ್ದದ್ದು, ಹೊಸದನ್ನು ತರಬೇಕಾದ ವ್ಯಾನು ಧೂಳಿನಾಚೆ ಎಲ್ಲೋ ನಿಂತಿತ್ತು. ಆಮೇಲೆ ಜನರೇಟರಿನ ಗುಂಡಿ ಒತ್ತಿದರು. ಟಕ್. ಇನ್ನೊಮ್ಮೆ ಒತ್ತಿದರು. ಟಕ್. ಯಂತ್ರ ಮಿಸುಕಾಡಲಿಲ್ಲ. ತಲೆಯ ಮೇಲಿನ ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು, ಗುಂಡಿ ಒತ್ತಿದಾಗಷ್ಟೇ ಸತ್ತು, ಬಿಟ್ಟಾಗ ಮತ್ತೆ ಬದುಕುತ್ತಿತ್ತು.

ಹೊರಗೆ ಧಾವಿಸಿ ಬ್ಯಾಟರಿಗೆ ಮೀಟರ್ ಹಚ್ಚಿದರು. ಮುಳ್ಳು ನೆಟ್ಟಗೆ ಮೇಲೇರಿ ನಿಂತಿತು. ತುಂಬಿದೆ! ಬ್ಯಾಟರಿ ತುಂಬಿದೆ! ಹಾಗಾದರೆ ದೋಷ ಬ್ಯಾಟರಿಯಲ್ಲಿಲ್ಲ, ಜನರೇಟರಿನಲ್ಲಿ. ಇಂಧನ ನೋಡಿದರು, ಇದೆ. ಎಣ್ಣೆ ನೋಡಿದರು, ಇದೆ. ಫ್ಯೂಸು ತೆಗೆದು ಬೆಳಕಿಗೆ ಹಿಡಿದು ನೋಡಿದರು, ಸರಿಯಿದೆ. ಗುಂಡಿಯನ್ನೇ ಬಿಚ್ಚಿ ತಂತಿಗೆ ತಂತಿ ತಾಗಿಸಿದರು. ಟಕ್. ಧೂಳು ಕಣ್ಣಿಗೆ ನುಗ್ಗುತ್ತಿತ್ತು, ಬಿಚ್ಚಿದ ಸ್ಕ್ರೂಗಳು ಮರಳಿನಲ್ಲಿ ಮುಚ್ಚಿಹೋಗುತ್ತಿದ್ದವು, ಅವರು ಒಂದೊಂದು ಬಿಚ್ಚಿ ಮುಗಿಸಿದಾಗಲೂ ಬ್ಯಾಟರಿಯ ಬಳಿಗೆ ಮರಳಿ, ಮೀಟರ್ ಹಚ್ಚಿ, ತುಂಬಿದೆಯೆಂದು ನೋಡಿಕೊಂಡು, ಮತ್ತೆ ಯಂತ್ರದ ಅಡಿಗೆ ತೆವಳುತ್ತಿದ್ದರು. ಒಳಗೆ ಸಿಲಿಂಡರಿನ ಮುಳ್ಳು ಇಳಿಯುತ್ತಿದ್ದುದು ಮಾರ್ಲಿಸ್ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಕೂಗಿ ಹೇಳಿದರೆ ಗಂಡನ ಕೈ ಇನ್ನಷ್ಟು ತಡವರಿಸುತ್ತದೆಂದು ಆಕೆ ಸುಮ್ಮನಿದ್ದರು.

ಡಾಯ್ಲ್ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದ. "ಸಾಹೇಬ್ರೇ, ನನ್ನ ಟ್ರಕ್ ತಂದು ಅದರ ಬ್ಯಾಟರಿಯಿಂದ ನಿಮ್ಮದಕ್ಕೆ ಕೊಡ್ಲಾ?"

"ಬೇಡ ಬೇಡ. ನಮ್ಮ ಬ್ಯಾಟರಿ ತುಂಬಿದೆ. ತುಂಬಿದ್ದಕ್ಕೆ ಇನ್ನೇನು ತುಂಬ್ತೀರಿ?"

"ಹಾಗಾದ್ರೆ ನನ್ನ ಗಾಡಿಯಿಂದ ಒಂದು ತಂತಿ ಎಳೀತೀನಿ. ನನ್ನ ಜನರೇಟರ್ ಓಡ್ತಾ ಇದೆಯಲ್ಲ."

"ಇಲ್ಲಪ್ಪ, ನಿಮಗ್ಯಾಕೆ ತೊಂದರೆ. ಇನ್ನೇನು ಸಿಕ್ತು, ಇಲ್ಲೇ ಎಲ್ಲೋ ಇದೆ. ನಡೀತದೆ, ನಡೀತದೆ."

ಡಾಯ್ಲ್ ಕ್ಷಣ ನಿಂತ. ಕೊಡಬಂದದ್ದನ್ನು ಎರಡು ಸಲ ಬೇಡವೆಂದ ಗಂಡಸಿನ ಮುಂದೆ ಮೂರನೆಯ ಸಲ ನಿಲ್ಲುವುದು ಅವನ ಪಾಲಿಗೆ, ನಿನ್ನ ಕೈಲಾಗುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ. ಒಳಗೆ ಸಿಲಿಂಡರ್ ಒಂದೇ ಉಳಿದಿದೆಯೆಂಬುದು ಅವನಿಗೆ ಗೊತ್ತಿರಲೂ ಇಲ್ಲ. "ಸರಿ, ನಿಮ್ಮಿಷ್ಟ" ಎಂದು ಹೋಗಿ ಬಾಗಿಲು ಮುಚ್ಚಿಕೊಂಡ. ಡೆಲ್ಬರ್ಟ್ ಯಂತ್ರದಡಿಯಿಂದ ತಲೆ ಹೊರಗೆ ಹಾಕಿ ಅವನು ಹೋದ ದಿಕ್ಕನ್ನೇ ನೋಡಿದರಂತೆ. ಈಗ ಬರುತ್ತಾನೆ, ಇನ್ನೊಂದು ಸಲ ಕೇಳುತ್ತಾನೆ ಎಂದು ಕಾದರಂತೆ. ಅಯ್ಯೋ ದೇವರೇ! ಹೆಂಡತಿಯ ಪ್ರಾಣ ತೂಗುಯ್ಯಾಲೆಯಲ್ಲಿ, ಈ ಮಹಾರಾಯರು ಪೈ ತುಂಡಿಗೆ ಕಾದಂತೆ ಕರೆಂಟಿಗೆ ಕಾಯುತ್ತಿದ್ದಾರೆ! ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಹುಟ್ಟಿದಂದಿನಿಂದ ರೂಢಿಸಿಕೊಂಡ ಸಂಕೋಚ, ಕುತ್ತಿಗೆಗೆ ಬಂದಾಗ ಕಳಚಿ ಎಸೆಯಲು ಕೋಟಲ್ಲ.

ಕಿಟಕಿಯಿಂದ ಇದನ್ನೆಲ್ಲ ಕೇಳಿಸಿಕೊಂಡವರು ಮಾರ್ಲಿಸ್. ಆಕೆಯೂ ಅದೇ ನೆಲದವರೇ. ಆ ಎರಡು ಬೇಡಗಳ ಅರ್ಥವೂ ಗೊತ್ತು, ಡಾಯ್ಲ್ ಮೂರನೆಯ ಸಲ ಕೇಳುವುದಿಲ್ಲವೆಂಬುದೂ ಗೊತ್ತು. ಆಕೆ ಎದ್ದರು. ಸಿಲಿಂಡರಿನ ಕೈಗಾಡಿಯನ್ನು ಎಳೆದುಕೊಂಡು ಹಿಂಬದಿಯ ಮೆಟ್ಟಿಲಿಳಿದು, ಧೂಳಿಗೆ ಸೆರಗಿನಂತೆ ಟವೆಲನ್ನು ಬಾಯಿಗೆ ಒತ್ತಿಕೊಂಡು, ಪಕ್ಕದ ಬಿಡಾರದ ಕಡೆಗೆ ಹೊರಟರು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ, ಕೈಗಾಡಿಯ ಹಿಡಿಗೆ ಜೋತುಬೀಳುತ್ತಾ. ನಮ್ಮ ಬಯಲಿನಲ್ಲಿ ಬಾಗಿಲು ತಟ್ಟುವ ರೂಢಿಯಿಲ್ಲ, ದೂರ ನಿಂತು ಕೂಗಬೇಕು. ಕೂಗಲು ಉಸಿರೆಲ್ಲಿದೆ? ಬಾಗಿಲಿನ ಮೆಟ್ಟಿಲು ಹತ್ತಲೂ ಆಗದೆ, ನೆಲದಿಂದ ಬೆಣಚುಕಲ್ಲುಗಳನ್ನು ಬಾಚಿ ತಗಡಿಗೆ ಎಸೆದರು. ಒಂದು ಹಿಡಿ. ಇನ್ನೊಂದು ಹಿಡಿ.

"ಯಾವನಲೇ ಅವನು ಕಲ್ಲು ಹೊಡೆಯೋನು!" ಎಂದು ರೇಗುತ್ತಾ ಬಾಗಿಲು ತೆರೆದ ಡಾಯ್ಲ್ ನೋಡಿದ್ದು ನೀಲಿಗಟ್ಟಿದ ತುಟಿಗಳನ್ನು.

"ಕರೆಂಟು ಬೇಕು, ಡಾಯ್ಲ್" ಎಂದರು ಮಾರ್ಲಿಸ್. ಜೀವಮಾನದಲ್ಲಿ ಆಕೆ ಬಾಯಿಬಿಟ್ಟು ಬೇಕೆಂದದ್ದು ಅದೇ ಮೊದಲಂತೆ. ಉಸಿರು ಒಟ್ಟುಮಾಡಿಕೊಂಡು ಮತ್ತೆ ಹೇಳಿದರು: "ಅವನು... ಬೇಡ ಅಂದ್ರೆ... ಬೇಕು ಅಂತ ಕಣೋ."

ಡಾಯ್ಲ್ ಆಕೆಯನ್ನು ಸಿಲಿಂಡರ್ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅವರ ಗಾಡಿಯೊಳಗೆ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಓಡಿಹೋಗಿ ತಂತಿಯ ಸುರುಳಿ ಬಿಚ್ಚುತ್ತಾ ಧೂಳಿನಲ್ಲಿ ಮರಳಿ ಓಡಿಬಂದ. ತಂತಿಯ ತುದಿ ಕೈಗೆ ಬಂದಾಗಲೂ ಡೆಲ್ಬರ್ಟ್ ಅವರ ಬಾಯಿಂದ ಹೊರಟ ಮಾತು, "ನಿಮ್ಮ ಜನರೇಟರಿಗೆ ಎಣ್ಣೆ ಯಾವಾಗ..." ಮಾರ್ಲಿಸ್ ಕುರ್ಚಿಯಿಂದಲೇ, "ಡೆಲ್! ಬಾಯಿ ಮುಚ್ಚಿ ಸಿಕ್ಕಿಸು" ಎಂದರು. ಸಿಕ್ಕಿಸಿದರು. ಪೆಟ್ಟಿಗೆ ಒಮ್ಮೆ ನಡುಗಿ, ಗುಂಯ್ ಎಂದಿತು. ಡೆಲ್ಬರ್ಟ್ ಅದರ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತು, ಹೆಂಡತಿಯ ತುಟಿಗೆ ಬಣ್ಣ ಮರಳುವವರೆಗೆ ಆಕೆಯ ಪಾದವನ್ನು ಹಿಡಿದುಕೊಂಡೇ ಇದ್ದರಂತೆ. ಡಾಯ್ಲ್ ಮುಖ ಆಚೆ ತಿರುಗಿಸಿ ನಿಂತಿದ್ದನಂತೆ. "ಕಣ್ಣಿಗೆ ಧೂಳು ಬಿದ್ದಿತ್ತು" ಎಂದು ನನಗೆ ಹೇಳಿದ.

ಗಾಳಿ ತಗ್ಗಿದ ಮೇಲೆ ಇಬ್ಬರೂ ಹೊರಗೆ ಬಂದರು. ಭಯ ಇಳಿದ ತಲೆಗೆ ವಿವೇಕ ಹತ್ತಿತ್ತು. ಡೆಲ್ಬರ್ಟ್ ಮೀಟರ್ ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದುಕೊಂಡೇ, "ಈಗ ಗುಂಡಿ ಒತ್ತಿ" ಎಂದರು. ಅಷ್ಟು ಹೊತ್ತೂ ಅವರು ಬ್ಯಾಟರಿಯನ್ನು ನೋಡಿದ್ದು ಅದು ಸುಮ್ಮನಿದ್ದಾಗ; ಕೆಲಸ ಹೇಳಿದಾಗ ನೋಡಿರಲಿಲ್ಲ. ಡಾಯ್ಲ್ ಒತ್ತಿದ. ನೆಟ್ಟಗೆ ನಿಂತಿದ್ದ ಮುಳ್ಳು ಪಾತಾಳಕ್ಕೆ ಬಿತ್ತು. ಡೆಲ್ಬರ್ಟ್ ಸೀಸದ ಟರ್ಮಿನಲ್ಲನ್ನು ಮುಟ್ಟಿದರು, ಬಿಸಿ. ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರು. ಅದು ನಟ್ಟು ತಂತಿ ಸಮೇತ, ಬೀಳಲಾದ ಹಲ್ಲಿನಂತೆ, ತಿರುಗಿತು. ನಟ್ಟು ಸಡಿಲವಾಗಿರಲಿಲ್ಲ. ದಿನವೂ ಚೂರು ಚೂರು ಬಿಗಿಸಿ ಬಿಗಿಸಿ ಟರ್ಮಿನಲ್ಲೇ ಬುಡದಲ್ಲಿ ತಿರುಚಿ, ಬ್ಯಾಟರಿಯ ಒಳಗೆ ಮುರಿದಿತ್ತು. ದೀಪ ಉರಿಸುವಷ್ಟು, ಮೀಟರಿನ ಮುಳ್ಳು ಎತ್ತುವಷ್ಟು ಸಂಪರ್ಕ ಉಳಿದಿತ್ತು, ಉಸಿರು ನಡೆಸುವಷ್ಟು ಉಳಿದಿರಲಿಲ್ಲ. ಅತಿಯಾದರೆ ಅಮೃತವೂ ವಿಷವೆನ್ನುತ್ತಾರಲ್ಲ, ಹಾಗೆ.

ಕಿಟಕಿಯಿಂದ ಮಾರ್ಲಿಸ್ ದನಿ ಬಂತು: "ಏನಾಗಿತ್ತು, ಡೆಲ್?"

"ಟರ್ಮಿನಲ್ ಮುರಿದಿದೆ."

"ಯಾರು ಮುರಿದದ್ದು?"

ಕೈಯಲ್ಲಿದ್ದ ಮೀಟರನ್ನು ಕೆಳಗಿಟ್ಟು, "ನಾನೇ" ಎಂದರು ಡೆಲ್ಬರ್ಟ್. ನಗಲೆಂದು ಬಾಯಿ ತೆರೆದ ಡಾಯ್ಲ್ ಅವರ ಮುಖ ನೋಡಿ ಹಾಗೇ ಮುಚ್ಚಿಕೊಂಡ.

ಮರುದಿನ ರಸ್ತೆ ತೆರೆದ ಕೂಡಲೇ, ಡಾಯ್ಲ್ ಫೋನಿನಲ್ಲಿ ಹೇಳಿದಂತೆ, ಹೊಸ ಬ್ಯಾಟರಿ ಹೊತ್ತುಕೊಂಡು ಬಂದವನು ನಾನು. ಡೆಲ್ಬರ್ಟ್ ಅದನ್ನು ಮುಟ್ಟಲಿಲ್ಲ. ನಟ್ಟು ಬಿಗಿಸುವ ಕೆಲಸವನ್ನು ಡಾಯ್ಲ್‌ಗೆ ಬಿಟ್ಟು, ಕೈಗಳೆರಡನ್ನೂ ಕೋಟಿನ ಜೇಬಿನಲ್ಲಿ ಮುಷ್ಟಿಕಟ್ಟಿ ನಿಂತು, "ಸಾಕಾ? ಸಾಕು ಅನ್ನಿಸುತ್ತಾ?" ಎಂದು ಮಗುವಿನ ಹಾಗೆ ಕೇಳುತ್ತಿದ್ದರು. ಜನರೇಟರು ಒಂದೇ ಒತ್ತಿಗೆ ಎದ್ದಿತು. ಎಲ್ಲ ಸರಿಹೋಗಿತ್ತು. ನಾವಿಬ್ಬರೇ ಉಳಿದಾಗ ನಾನು, ಲೋಕದಲ್ಲಿ ಎಲ್ಲರೂ ಹೇಳುವಂಥ ಮಾತನ್ನೇ ಹೇಳಿದೆ: "ಇನ್ನಾದರೂ ನಿಶ್ಚಿಂತೆಯಿಂದಿರಿ."

ಅವರು ನನ್ನನ್ನು ನೋಡಲಿಲ್ಲ. ಕಿಟಕಿಯೊಳಗೆ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಹೆಂಡತಿಯನ್ನು ನೋಡುತ್ತಾ ಹೇಳಿದರು: "ಬ್ಯಾಟರಿ ಕೆಟ್ಟರೆ ನೀವು ಪಟ್ಟಣದಿಂದ ಹೊಸದು ತರ್ತೀರಿ. ಡಾಕ್ಟ್ರು ಹೇಳಿದ್ದಾರೆ, ಅವಳ ಉಸಿರು ಇಳೀತಾನೇ ಹೋಗುತ್ತೆ ಅಂತ. ಮುಂದಿನ ಚಳಿಗಾಲಕ್ಕೆ ಈ ಪೆಟ್ಟಿಗೆ ಸಾಲಲ್ಲ ಅಂತ. ಅದನ್ನ ಎಲ್ಲಿ ಬಿಚ್ಚಿ ನೋಡ್ಲಿ, ಹೇಳಿ?"

ಇಂಥವರು ನಮ್ಮ ಬಯಲಿನಲ್ಲಿ ಮಾತ್ರವಲ್ಲ, ಎಲ್ಲ ಊರಿನಲ್ಲೂ ಇದ್ದಾರೆ: ಹಾಕಿದ ಬೀಗವನ್ನು ಮತ್ತೆ ಎಳೆದು ನೋಡುವವರು, ಆರಿಸಿದ ಒಲೆಯನ್ನು ಎದ್ದು ಹೋಗಿ ಮುಟ್ಟಿ ನೋಡುವವರು, ಹೊರಟ ಮಗ ಮೂಲೆ ತಿರುಗುವಷ್ಟರಲ್ಲಿ ಫೋನು ಮಾಡುವವರು. ಪುಕ್ಕಲರೆಂದು ನಾವು ನಗುತ್ತೇವೆ, ಸುಮ್ಮನೆ ಕೂರಬಾರದೇ ಎಂದು ಬುದ್ಧಿ ಹೇಳುತ್ತೇವೆ. ಅವರೋ ಸುಮ್ಮನೆ ಕೂರಲೆಂದು ಹುಟ್ಟಿದವರಲ್ಲ. ಸರಿಪಡಿಸಬಹುದಾದ ದೋಷವೊಂದು ಎಲ್ಲಾದರೂ ಸಿಕ್ಕೀತೆಂದು ಅವರು ಹಗಲೆಲ್ಲ ಹುಡುಕುತ್ತಾರೆ, ಯಾಕೆಂದರೆ ಅದು ಸಿಗದ ದಿನ, ಎಲ್ಲ ಯಂತ್ರಗಳೂ ಸರಿಯಾಗಿ ಓಡುತ್ತಿರುವ ಆ ದಿನ, ತಮ್ಮವರ ಪಕ್ಕದಲ್ಲಿ ಬರಿಗೈಯಲ್ಲಿ ಕೂರಬೇಕಾಗುತ್ತದೆ.